ಹುಳಕ್ಕೆ ಸೋತ ರಕ್ತ

ನನ್ನ ಕಿರಿಯ ಮೊಮ್ಮಗಳು ಹೊಟ್ಟೆಯ ಹುಳದಿಂದ ಸತ್ತಳು ಎಂದು ಊರು ಹೇಳುತ್ತದೆ. ಸುಳ್ಳು. ಹುಳ ಎಲ್ಲರ ಹೊಟ್ಟೆಯಲ್ಲೂ ಆಗುತ್ತವೆ. ನನ್ನ ಹೊಟ್ಟೆಯಲ್ಲೂ ಆಗಿದ್ದವು, ನಾನಿನ್ನೂ ಗಟ್ಟಿಯಾಗಿ ಕೂತಿದ್ದೇನೆ. ಆಕೆ ಸತ್ತದ್ದು ನಾನು ಮಾಡಿಸಿದ ಮದುವೆಯಿಂದ. ಮಗನಿಗೆ ನನ್ನ ತಮ್ಮನ ಮಗಳನ್ನೇ ತಂದೆ. ಇಬ್ಬರ ರಕ್ತದಲ್ಲೂ ಒಂದೇ ಕೊರತೆ ಇತ್ತು. ಅವೆರಡೂ ಕೂಡಿ ಆ ಹುಡುಗಿಯ ಮೈಗೆ ಬಂದವು. ಆದದ್ದು ಇಷ್ಟೇ. ದೇವರ ಸಿಟ್ಟು, ಮಂದಿಯ ಕಣ್ಣು ಎಂದೆಲ್ಲ ಹೇಳುವವರು ಹೇಳಿಕೊಳ್ಳಲಿ.

ಆಕೆಗೆ ಒಂಬತ್ತು ವರ್ಷ. ಹೋದಳು. ನಾನು ಇದನ್ನು ಬರೆಯುತ್ತಿರುವುದು ಉಳಿದವಳ ಸಲುವಾಗಿ. ಆಕೆಯ ಅಕ್ಕ, ನನ್ನ ಹಿರಿಯ ಮೊಮ್ಮಗಳು, ಜಮಖಂಡಿಯ ಕಾಲೇಜಿಗೆ ಹೋಗುತ್ತಾಳೆ. ಹತ್ತೊಂಬತ್ತು ತುಂಬಿದೆ. ಆಕೆಯನ್ನು ಚಿಮ್ಮಡದಲ್ಲಿರುವ ನನ್ನ ಮಗಳ ಮಗನಿಗೆ ಕೊಡುವುದೆಂದು ತೊಟ್ಟಿಲಲ್ಲೇ ಮಾತಾಗಿತ್ತು. ಮಾತು ಕೊಟ್ಟವಳು ನಾನು. ತಂಗಿ ಸತ್ತ ಮೇಲೆ ಆ ಮದುವೆ ಮಾಡುವುದೋ ಬಿಡುವುದೋ ಎಂಬ ಒಂದೇ ಮಾತು ನಮ್ಮ ಮನೆಯಲ್ಲಿ ಉಳಿಯಿತು.

ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ನಾವು ಕುರಿಯವರು, ಬೀರೇಶ್ವರನ ಒಕ್ಕಲು. ಮನೆ ಸಮೀರವಾಡಿಯ ಕಡೆ, ಕಬ್ಬಿನ ನಡುವೆ. ಕಬ್ಬು ಕಡಿದ ಮೇಲೆ ಹೊಲದವರು ಗೊಬ್ಬರಕ್ಕೆಂದು ನಮ್ಮ ಕುರಿ ನಿಲ್ಲಿಸಿಕೊಳ್ಳುತ್ತಾರೆ. ನೀರು ಹಾಯಿಸಿದ ನೆಲ, ಹಿಕ್ಕೆ, ಕೆಸರು. ಅದರಲ್ಲೇ ನಾವು ಹುಟ್ಟಿದ್ದು, ಅದರಲ್ಲೇ ಮಕ್ಕಳು ಬರಿಗಾಲಲ್ಲಿ ಆಡಿದ್ದು.

ನಮ್ಮಲ್ಲಿ ಹೆಣ್ಣು ಹೊರಗೆ ಹೋಗುವುದು ಕಡಿಮೆ. ನನ್ನನ್ನು ನನ್ನ ತಾಯಿಯ ತಮ್ಮನಿಗೇ ಕೊಟ್ಟರು. ಸೋದರಮಾವ ಇರುವಾಗ ಬೇರೆ ಗಂಡು ನೋಡಿದರೆ ಮನೆತನಕ್ಕೆ ಬೈದಂತೆ. ನಾನು ಹೆತ್ತದ್ದು ನಾಲ್ಕು. ಎರಡು ಉಳಿದವು, ಈ ಮಗ ಮತ್ತು ಚಿಮ್ಮಡದ ಮಗಳು. ಉಳಿದೆರಡು ಮೈತುಂಬ ಹುಣ್ಣಾಗಿ, ಕಿವಿ ಸೋರಿ, ವರ್ಷ ತುಂಬುವ ಮೊದಲೇ ಹೋದವು. ಬಾಲಗ್ರಹ ಎಂದರು. ಹೂಂ ಎಂದೆ. ಆಗ ಬೇರೆ ಏನು ಅನ್ನಬೇಕೆಂದು ನನಗೆ ಗೊತ್ತಿರಲಿಲ್ಲ.

ಮಗನಿಗೆ ಹೆಣ್ಣು ನೋಡುವ ಕಾಲಕ್ಕೆ ನನ್ನ ಗಂಡ ತೀರಿಕೊಂಡಿದ್ದ. ಮನೆಯಲ್ಲಿ ನನ್ನದೇ ಮಾತು. ತಮ್ಮನ ಮಗಳು ಕಣ್ಣೆದುರಿಗೆ ಬೆಳೆದವಳು, ಕುರಿ ಬಲ್ಲವಳು, ಬಾಯಿ ಸ್ವಲ್ಪ ಜೋರು. ಆಕೆಯನ್ನೇ ತಂದುಕೊಂಡೆ. ಮೊದಲು ಹಿರಿಯಳು ಹುಟ್ಟಿದಳು. ಆಕೆಯನ್ನು ತೊಟ್ಟಿಲಿಗೆ ಹಾಕಿದ ದಿನ ನನ್ನ ಮಗಳು ನಾಲ್ಕು ವರ್ಷದ ತನ್ನ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಿದ್ದಳು. ನಾನು ಬೀರೇಶ್ವರನ ಗುಡಿಯಿಂದ ತಂದ ಅರಿಶಿನದ ಭಂಡಾರವನ್ನು ಎರಡೂ ಮಕ್ಕಳ ಹಣೆಗೆ ಹಚ್ಚಿ, "ಇದು ಅದರದು" ಎಂದೆ. ಎಲ್ಲರೂ ನಕ್ಕರು, ಊಟ ಮಾಡಿದರು. ನಮ್ಮಲ್ಲಿ ಭಂಡಾರ ಹಚ್ಚಿ ಆಡಿದ ಮಾತಿಗೆ ಬೇರೆ ಕಾಗದ ಬೇಕಾಗಿಲ್ಲ.

ಹಿರಿಯಳ ಹಿಂದೆ ಒಂದು ಗಂಡು ಹುಟ್ಟಿ ಮೂರು ತಿಂಗಳಿಗೆ ಹೋಯಿತು. ಅದಾದ ಎಷ್ಟೋ ವರ್ಷಕ್ಕೆ ಕಿರಿಯಳು ಬಂದಳು.

ಆಕೆಯ ಮೈ ಮೊದಲಿನಿಂದಲೂ ಕೆರೆತ. ಮೊಣಕೈ, ಮೊಣಕಾಲಿನ ಹಿಂದೆ ರಕ್ತ ಬರುವಂತೆ ಕೆರೆದುಕೊಳ್ಳುತ್ತಿದ್ದಳು. ಕೈತುಂಬ ನರೂಲಿ. ಕಿವಿ ಸೋರುವುದು, ಕೆಮ್ಮು. ಅದರ ಮೇಲೆ ಹುಳ. ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡುವ ದಿನ ಎಲ್ಲ ಮಕ್ಕಳೂ ಚೀಪಿ ನುಂಗುತ್ತಿದ್ದವು. ಅವಕ್ಕೆ ಹುಳ ಬಿದ್ದು ಮುಗಿಯುತ್ತಿತ್ತು. ಈಕೆಗೂ ಬೀಳುತ್ತಿದ್ದವು, ತಿಂಗಳೊಳಗೆ ಮತ್ತೆ ಹೊಟ್ಟೆ ಊದುತ್ತಿತ್ತು. ಆಶಾ ಕಾರ್ಯಕರ್ತೆ ಹೆಚ್ಚಿಗೆ ಮಾತ್ರೆ ತಂದುಕೊಟ್ಟಳು. ನಾನು ಅಜವಾನ ಅರೆದು ಕುಡಿಸಿದೆ, ಬೇವಿನ ರಸ ಕುಡಿಸಿದೆ, ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ.

ಬೈಯುವುದಕ್ಕೆ ಸೊಸೆ ಇದ್ದಳು.

"ಕೈ ತೊಳಕೊಂಡು ರೊಟ್ಟಿ ಬಡೀ ಬೇ," ಎನ್ನುತ್ತಿದ್ದೆ. "ಉಗರ ನೋಡು, ಒಂದೊಂದು ಉಗರಾಗ ಒಂದೊಂದು ಹೊಲ ಐತಿ. ಆ ಮಣ್ಣ ತಿಂದ ಕೂಸಿಗೆ ಹುಳ ಆಗದ ಏನಾಗಬೇಕು?"

"ಅದ ಕೈಯಾಗಿನ ರೊಟ್ಟಿ ನೀವೂ ತಿಂತೀರಲ್ಲ ಅತ್ತಿ," ಎಂದಳು ಒಮ್ಮೆ. "ನಿಮಗ್ಯಾಕ ಆಗವಲ್ಲವು?"

"ನನ್ನ ಹೊಟ್ಟಿ ಹೊಕ್ಕ ಹುಳ ನನ್ನ ಬಾಯಿಗೆ ಅಂಜಿ ತಾವ ಹೊರಗ ಬರತಾವು."

"ಹಂಗಾದ್ರ ಕೂಸಿನ ಹೊಟ್ಟಿಗೂ ಒಂದೆರಡು ಬೈಯ್ರಿ. ನನಗ ಬೈದು ಏನ ಮಾಡತೀರಿ?"

ಎಲ್ಲರೂ ನಕ್ಕರು, ಕಿರಿಯಳೂ ನಕ್ಕಳು. ಆದರೆ ಸೊಸೆ ಕೇಳಿದ ಪ್ರಶ್ನೆ ಸರಿಯಾಗಿತ್ತು. ಒಂದೇ ಕೆಸರು, ಒಂದೇ ರೊಟ್ಟಿ, ಒಂದೇ ಕೊಡದ ನೀರು. ಹುಳ ಒಬ್ಬಳಿಗೇ ಯಾಕೆ? ನಾನು ಅದಕ್ಕೆ ಉತ್ತರ ಹುಡುಕಲಿಲ್ಲ. ಚಿಮ್ಮಡಕ್ಕೆ ಹೋದಾಗ ಮಗಳ ಮುಂದೆಯೂ ಸೊಸೆಯ ಉಗುರಿನ ಮಾತೇ ಆಡಿದೆ. ಮಗಳು ಅದನ್ನು ತನ್ನ ಓಣಿಗೆಲ್ಲ ಹಂಚಿದಳು.

ಕುರಿಗೆ ಜಂತು ಆದರೆ ನಾವು ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತೇವೆ. ಕೆಂಪಗಿದ್ದರೆ ಬಿಡುತ್ತೇವೆ, ಬೆಳ್ಳಗಿದ್ದರೆ ಔಷಧ ಹಾಕುತ್ತೇವೆ. ಹಿಂಡಿನಲ್ಲಿ ಒಂದೆರಡು ಕುರಿ ಇರುತ್ತವೆ, ಎಷ್ಟು ಔಷಧ ಹಾಕಿದರೂ ಮತ್ತೆ ಮತ್ತೆ ರೆಪ್ಪೆ ಬೆಳ್ಳಗಾಗುತ್ತದೆ. ಅಂಥದ್ದರ ಮರಿಯನ್ನು ನಾವು ತಳಿಗೆ ಉಳಿಸಿಕೊಳ್ಳುವುದಿಲ್ಲ. ಮೊಮ್ಮಗಳ ರೆಪ್ಪೆಯನ್ನೂ ಹಾಗೆಯೇ ಎಳೆದು ನೋಡಿದೆ. ಸುಣ್ಣದಂತಿತ್ತು.

ಒಂದು ದಿನ ಕುರಿಗೆ ಹಾಕುವ ಔಷಧವನ್ನೇ ಚಮಚದಲ್ಲಿ ಆಕೆಗೆ ಕುಡಿಸಿದೆ. ಯಾರಿಗೂ ಹೇಳಲಿಲ್ಲ. ಆಕೆ ಮುಖ ಕಿವುಚಿ, "ಆಯಿ, ನನಗೂ ಗೊಟ್ಟದಾಗ ಹಾಕತಿದ್ದಿ ನೋಡು, ಬ್ಯಾ ಅಂತಿದ್ದೆ," ಎಂದಳು. ಗೊಟ್ಟ ಎಂದರೆ ಕುರಿಯ ಬಾಯಿಗೆ ಔಷಧ ಸುರಿಯುವ ಬಿದಿರಿನ ನಳಿಕೆ. ಅದರಿಂದಲೂ ಒಂದಿಷ್ಟು ಹುಳ ಬಿದ್ದವು. ಮತ್ತೆ ಆದವು.

ಹೋದ ಮಳೆಗಾಲದಲ್ಲಿ ಕೆಮ್ಮು ಜೋರಾಯಿತು. ಒಂದು ಬೆಳಗ್ಗೆ ಆಕೆ ಹಿತ್ತಲಲ್ಲಿ ವಾಂತಿ ಮಾಡುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಿತು. ಉಸಿರು ಆಡದು, ಕಣ್ಣು ಹೊರಗೆ ಬಂದವು. ನಾನು ಬೆನ್ನು ಗುದ್ದುತ್ತಿದ್ದೆ, ಸೊಸೆ ಕಿರುಚುತ್ತಿದ್ದಳು. ಹಿರಿಯಳು ಬಂದವಳೇ ತಂಗಿಯ ಬಾಯಿಗೆ ಬೆರಳು ಹಾಕಿ ಗೇಣುದ್ದದ ಹುಳ ಎಳೆದು ಹೊರಗೆಸೆದಳು. ಅದು ಕಲ್ಲಿನ ಮೇಲೆ ಹೊರಳುತ್ತಿತ್ತು. ಆಕೆ ಕೈ ತೊಳೆದುಕೊಂಡು ಬಂದು, "ಇವತ್ತ ಜಮಖಂಡಿಗೆ ಕರಕೊಂಡು ಹೋಗೂನು. ನಾಳೆ ಅನ್ನಬ್ಯಾಡ್ರಿ," ಎಂದಳು.

ಜಮಖಂಡಿಯ ಮಕ್ಕಳ ಡಾಕ್ಟರು ರಕ್ತ ನೋಡಿ, ಎದೆಯ ಫೋಟೊ ನೋಡಿ, ತಡ ಮಾಡದೆ ಬೆಳಗಾವಿಗೆ ಕಳಿಸಿದರು. ಅಲ್ಲಿನ ದೊಡ್ಡ ದವಾಖಾನೆಯಲ್ಲಿ ಹನ್ನೆರಡು ದಿನ ಇದ್ದೆವು. ಉದ್ದ ಹುಳದ ಜೊತೆಗೆ ಇನ್ನೊಂದು ಜಾತಿಯ ಹುಳ ಆಕೆಯ ಮೈತುಂಬ ಇದೆ ಎಂದರು. ಕೂದಲಿಗಿಂತ ಸಣ್ಣದು. ಒದ್ದೆ ಮಣ್ಣಿನಿಂದ ಅಂಗಾಲಿನ ಚರ್ಮ ಹೊಕ್ಕು ಬರುತ್ತದಂತೆ. ಔಷಧ ಕೊಟ್ಟರು, ಸೂಜಿ ಹಾಕಿದರು. ಮನೆಯವರದೂ ರಕ್ತ ಬೇಕೆಂದು ಮಗ, ಸೊಸೆ, ಹಿರಿಯಳು, ನಾನು, ನಾಲ್ವರಿಂದಲೂ ತೆಗೆದುಕೊಂಡು ಎಲ್ಲೋ ದೂರದ ಊರಿಗೆ ಕಳಿಸಿದರು. ಹನ್ನೆರಡನೆಯ ದಿನ ಬೆಳಿಗ್ಗೆ ಚಹಾ ತರಲು ಕೆಳಗೆ ಹೋಗಿದ್ದೆ. ಮೇಲೆ ಬರುವಷ್ಟರಲ್ಲಿ ಮುಗಿದಿತ್ತು. ಚಹಾ ಸೊಸೆಗೆ ಕೊಟ್ಟೆ. ಕುಡಿಯಲಿಲ್ಲ. ನಾನು ಕುಡಿದೆ.

ರಕ್ತದ ವರದಿ ಬಂದದ್ದು ಆಮೇಲೆ. ಬನ್ನಿ ಎಂದು ಫೋನು ಮಾಡಿದರು. ಸತ್ತವಳ ವರದಿ ಯಾಕೆ ಬೇಕು ಎಂದು ಮಗ ಏಳಲಿಲ್ಲ. ಸೊಸೆಯನ್ನೂ ಹಿರಿಯಳನ್ನೂ ಕರೆದುಕೊಂಡು ನಾನೇ ಹೋದೆ.

ಡಾಕ್ಟರು ಹೆಣ್ಣುಮಗಳು, ನಮ್ಮ ಕಡೆಯವಳೇ. ನನ್ನನ್ನು ಎದುರಿಗೆ ಕೂರಿಸಿಕೊಂಡಳು.

"ಆಯಿ, ನಿಮ್ಮ ಹಿಂಡಿಗೆ ನಾಯಿ ಅದಾವಲ್ರಿ?"

"ಮೂರು ಅದಾವ್ರಿ ಬಾಯಾರ."

"ತೋಳ ಬಂದ್ರ ಏನ ಮಾಡತಾವು?"

"ಬೊಗಳತಾವು, ಬೆನ್ನ ಹತ್ತತಾವು. ಅದಕ್ಕ ಸಾಕಿದ್ದು."

"ಎಲ್ಲಾರ ರಕ್ತದಾಗೂ ಅಂಥಾ ನಾಯಿ ಇರತಾವ್ರಿ. ಹುಳ ಹೊಕ್ಕರ ಅವು ಗುರುತ ಹಿಡೀಬೇಕು, ಒಂದಕ್ಕೊಂದು ಕರಕೊಂಡು ಹೋಗಿ ಬೀಳಬೇಕು. ನಿಮ್ಮ ಮೊಮ್ಮಗಳ ಮೈಯಾಗ ನಾಯಿ ಇದ್ದವು, ಖರೆ ಹೇಳಬೇಕಂದ್ರ ಒಂದೀಟು ಹೆಚ್ಚಿಗೇನ ಇದ್ದವು. ಆದ್ರ ಗಾಳಿಗೆ ಬೊಗಳತಿದ್ದವು, ತೋಳ ಬಂದ್ರ ದಾರಿ ಗೊತ್ತಾಗದ ನಿಲ್ಲತಿದ್ದವು. ಆ ಮೈ ಕೆರತ ಅದ ಗಾಳಿಗೆ ಬೊಗಳೂದು."

"ಮಾತ್ರಿ ಕೊಟ್ಟಿವಲ್ರಿ?"

"ಮಾತ್ರಿ ಒಮ್ಮೆ ಓಡಸತೈತಿ. ಆಮೇಲೆ ಕಾಯಾವ್ರು ಯಾರ್ರಿ? ಅದ್ರಾಗ ಆ ಸಣ್ಣ ಹುಳ ಕೆಟ್ಟದ್ದು. ಉಳದ ಹುಳದ ತತ್ತಿ ಹೊರಗ ಬಿದ್ದು, ಮಣ್ಣಾಗ ಬಲತು, ಮತ್ತ ಒಳಗ ಬರಬೇಕು. ಇದು ಒಳಗ ಮರಿ ಹಾಕಿ ಒಳಗ ಸಂಸಾರ ಮಾಡತೈತಿ. ತಡಿಯಾವ್ರು ಇಲ್ಲಂದ್ರ ಕರುಳಿಂದ ಪುಪ್ಪಸಕ್ಕ, ಅಲ್ಲಿಂದ ಎಲ್ಲಾ ಕಡೆ."

ಕುರಿಯ ಔಷಧ ಕುಡಿಸಿದ್ದನ್ನು ಆಗ ಹೇಳಿದೆ. ಸೊಸೆ ನನ್ನ ಮುಖ ನೋಡಿದಳು. ಡಾಕ್ಟರು, "ಅದರಿಂದ ಸತ್ತಿಲ್ರಿ. ಇನ್ನ ಮುಂದ ಯಾರಿಗೂ ಹಾಕಬ್ಯಾಡ್ರಿ," ಎಂದಳು.

ಸೊಸೆ ಕೇಳಿದಳು, "ನನ್ನ ಕೈ ಹೊಲಸಿತ್ತಂತ ಆತೇನ್ರಿ?"

"ಇಲ್ಲವ್ವ. ನೀ ಬಂಗಾರದ ಕೈಲೆ ರೊಟ್ಟಿ ಬಡದಿದ್ರೂ ಇದ ಆಗತಿತ್ತು. ಇದು ಹುಟ್ಟತಾನ ಬಂದದ್ದು."

ಸೊಸೆ ಸೆರಗು ಬಾಯಿಗೆ ಹಿಡಿದು ಹೊರಗೆ ಹೋದಳು. ಕ್ಷಮೆ ಕೇಳಬೇಕಾದ ಜಾಗ ಅದು. ನಾನು ಕೇಳಲಿಲ್ಲ. ನನಗೆ ಬರುವುದಿಲ್ಲ.

ಉಳಿದದ್ದನ್ನು ಡಾಕ್ಟರು ನನಗೂ ಹಿರಿಯಳಿಗೂ ಹೇಳಿದಳು. ಆ ನಾಯಿಗೆ ಕೆಲಸ ಕಲಿಸುವ ಪಾಠ ಒಬ್ಬೊಬ್ಬರ ಮೈಯಲ್ಲಿ ಎರಡೆರಡು ಇರುತ್ತವಂತೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದರಿಂದ ನಡೆಯುತ್ತದೆ. ಎರಡೂ ಕೆಟ್ಟರೆ ಇಲ್ಲ. ನನ್ನಲ್ಲಿ ಒಂದು ಕೆಟ್ಟಿದೆ. ಮಗನಲ್ಲಿ ಒಂದು. ಸೊಸೆಯಲ್ಲಿ ಒಂದು, ಆಕೆ ನನ್ನ ತಮ್ಮನ ಮಗಳಲ್ಲವೇ. ಕಿರಿಯಳಿಗೆ ಎರಡೂ ಕೆಟ್ಟದ್ದೇ ಹೋಗಿದ್ದವು. ನನ್ನ ಹುಣ್ಣಿನ ಕೂಸುಗಳಿಗೂ, ಸೊಸೆಯ ಮೂರು ತಿಂಗಳ ಗಂಡುಮಗುವಿಗೂ ಅದೇ ಇದ್ದಿರಬಹುದು ಎಂದಳು. ಈಗ ನೋಡುವುದಕ್ಕೆ ಅವು ಇಲ್ಲ.

"ನಂದ್ರಿ?" ಎಂದಳು ಹಿರಿಯಳು.

"ನಿನ್ನಲ್ಲೂ ಒಂದು ಕೆಟ್ಟೈತಿ. ನಿನಗೇನೂ ಆಗಂಗಿಲ್ಲ. ಆದ್ರ ಅಂಥಾದ್ದ ಒಂದು ಇರೋ ಹುಡುಗನ ಮದವಿ ಆದ್ರ, ಒಂದೊಂದು ಬಸರಿಗೂ ಇದ ಭಯ. ಬಳಗದಾಗ ಅದು ಇರೂದು ಹೆಚ್ಚು. ಬಳಗದಾಗ ಆಗೂದಿದ್ರ ಮೊದಲ ಹುಡುಗನ ರಕ್ತ ನೋಡಸ್ರಿ."

ಬಸ್ಸಿನಲ್ಲಿ ಹಿರಿಯಳು ನನ್ನ ಪಕ್ಕ ಕೂತಿದ್ದಳು. ಗೋಕಾಕ ದಾಟಿದ ಮೇಲೆ, "ಆಯಿ, ಎರಡ ವರ್ಷಕ್ಕೊಮ್ಮೆ ಟಗರ ಯಾಕ ಬದಲಿ ಮಾಡತೀರಿ?" ಎಂದಳು.

"ಅದರ ಮಕ್ಕಳ ಮ್ಯಾಲೆ ಅದನ್ನ ಬಿಟ್ರ ಮರಿ ನಿಲ್ಲಂಗಿಲ್ಲ. ನಿಂತರೂ ಸೊರಗತಾವು. ನಿನಗ ಗೊತ್ತಿಲ್ಲೇನ?"

"ನನಗ ಗೊತ್ತೈತಿ. ನಿಮಗ ಗೊತ್ತೈತೇನಂತ ಕೇಳಿದೆ."

ಹೊಡೆಯಬೇಕೆನಿಸಿತು. ಕೈ ಏಳಲಿಲ್ಲ. ದೂರದ ಸಂತೆಗೆ ಹೋಗಿ, ಹಲ್ಲು ನೋಡಿ, ಬೇರೆ ಹಿಂಡಿನ ಟಗರು ತರುವವರು ನಾವು. ನಮ್ಮ ಮಾವ ತಂದ, ನನ್ನ ಗಂಡ ತಂದ, ಈಗ ಮಗ ತರುತ್ತಾನೆ. ಮನೆಯ ಮದುವೆಗೆ ಮಾತ್ರ ಹಟ್ಟಿಯ ಬಾಗಿಲು ದಾಟಲಿಲ್ಲ.

ದಿನಕರ್ಮ ಮುಗಿದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಚಿಮ್ಮಡದ ಮಗಳು ಬಂದಳು. ಸಾವಾದ ಮನೆಯಲ್ಲಿ ವರ್ಷದೊಳಗೆ ಮದುವೆ ಆಗಬೇಕು, ತಪ್ಪಿದರೆ ಮೂರು ವರ್ಷ ಕಾಯಬೇಕು ಎಂಬುದು ನಮ್ಮಲ್ಲಿ ನಡೆದುಬಂದದ್ದು. ಅವಳು ಅದನ್ನೇ ಹಿಡಿದು ಕೂತಳು.

"ಅವ್ವ, ಈ ಬ್ಯಾಸಗಿಗೆ ಅಕ್ಕಿಕಾಳ ಹಾಕಿಬಿಡೂನು. ನನ್ನ ಮಗನೂ ಬನಹಟ್ಟ್ಯಾಗ ಮಗ್ಗದ ಕೆಲಸಕ್ಕ ಹತ್ಯಾನ. ಇನ್ಯಾಕ ತಡ?"

"ಮೊದಲ ಅವನ ರಕ್ತ ಕೊಡಸು," ಎಂದೆ. ಡಾಕ್ಟರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳಿದೆ.

ಅವಳ ಮುಖ ಕೆಂಪಾಯಿತು. "ನನ್ನ ಮಗನ ರಕ್ತದಾಗ ಹುಳ ಅದಾವಂತೀಯೇನ? ಅಂವಾ ಕಲ್ಲ ತಿಂದ ಕರಗಸತಾನ. ಆ ಕೂಸು ಸತ್ತಿದ್ದು ಅದರವ್ವನ ಹೊಲಸ ಕೈಲೆ. ನೀನ ಹೇಳಿದ್ದಿ, ನಮ್ಮ ಓಣ್ಯಾಗ ಕೂತು ಹೇಳಿದ್ದಿ."

ಸೊಸೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸಪ್ಪಳ ನಿಂತಿತು. ಮತ್ತೆ ಶುರುವಾಯಿತು.

"ರಕ್ತ ಕೊಡಸಿದ್ರ ಊರಾಗ ಏನಂತಾರ?" ಎಂದಳು ಮಗಳು. "ಅವನ ಬೆನ್ನಿಗೆ ಇಬ್ಬರು ತಂಗ್ಯಾರ ಅದಾರ. ಅವರನ್ನ ಯಾರ ಮಾಡಕೋತಾರ? ಭಂಡಾರ ಹಚ್ಚಿದಾಕಿ ನೀನು. ದೇವರ ಮುಂದಿನ ಮಾತ ಮುರೀತಿಯೇನ?"

ಮಗ ತಲೆ ತಗ್ಗಿಸಿ, "ಅವ್ವ ಹೆಂಗಂತಾಳ ಹಂಗ," ಎಂದ. ಇಪ್ಪತ್ತು ವರ್ಷದಿಂದ ಅವನದು ಅದೇ ಮಾತು. ಮಗಳು ಸಂಜೆಯ ಬಸ್ಸಿಗೆ ಹೋದಳು. ಹೋಗುವಾಗ, "ಸುಮ್ಮನಿದ್ದಿ ಅಂದ್ರ ಆತಂತ ತಿಳೀತೇನಿ," ಎಂದಳು.

ಹಿರಿಯಳು ಹಿತ್ತಲಲ್ಲಿ ಭಾಂಡೆ ತಿಕ್ಕುತ್ತಿದ್ದಳು. ಹೋಗಿ ಅಲ್ಲೇ ಕಲ್ಲಿನ ಮೇಲೆ ಕೂತೆ.

"ನಿನಗ ಅಂವಾ ಬೇಕೇನ?"

"ಬೇಕು." ಕೇಳುವುದಕ್ಕೇ ಕಾದವಳ ಹಾಗೆ ಹೇಳಿದಳು. ಇಬ್ಬರೂ ಮೊಬೈಲಿನಲ್ಲಿ ಮಾತಾಡುವುದು ನನಗೆ ಗೊತ್ತಿತ್ತು.

"ರಕ್ತ ಕೊಡತಾನಂತೇನ?"

"ಅವರವ್ವ ಹೂಂ ಅಂದ್ರ ಕೊಡತಾನಂತ."

"ಹಂಗಾದ್ರ ಕೊಡಂಗಿಲ್ಲ."

"ಕೊಡಂಗಿಲ್ಲ," ಎಂದಳು ಆಕೆಯೂ. ಒಂದು ಗಂಗಾಳ ತೊಳೆದು ಬೋರಲು ಹಾಕಿದಳು. ಆಮೇಲೆ ಆಕೆಯೇ ಹೇಳಿದಳು. "ಅಕೀ ಬಾಯಾಗಿನ ಹುಳಾ ಎಳದಾಕಿ ನಾನ ಆಯಿ. ಅದು ಕೈಯಾಗ ಮಿಸುಕಾಡತಿತ್ತು. ಹೆತ್ತ ಕೂಸಿನ ಬಾಯಾಗಿಂದ ಎಳ್ಯಾಕ ನನಗ ಆಗಂಗಿಲ್ಲ. ನಾ ಒಲ್ಲೆ ಅಂತ ಹೇಳಿದ್ರ ಅವ್ರು ಅಪ್ಪಗ ಬೈತಾರ, ಅವ್ವಗ ಬೈತಾರ, ಕಾಲೇಜಿಗೆ ಹೋಗಿ ಕೆಟ್ಟಳು ಅಂತಾರ. ನೀ ಹೇಳು."

"ನಿನಗ ಬ್ಯಾಸರ ಆಗತೈತಿ."

"ಆಗತೈತಿ. ನೀ ಹೇಳು."

ಆಕೆ ಅಳುತ್ತಿದ್ದಳೋ ಇಲ್ಲವೋ ನೋಡಲಿಲ್ಲ. ಬೆನ್ನು ನನ್ನ ಕಡೆ ಇತ್ತು. ಎದ್ದು ಒಳಗೆ ಬಂದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಎರಡು ಕಡೆ ಇಳಿದು ಹತ್ತಿ, ಕೊನೆಗೆ ಆಟೊದಲ್ಲಿ ಚಿಮ್ಮಡ ಮುಟ್ಟಿದೆ. ಮಗಳು ಅಂಗಳ ಗುಡಿಸುತ್ತಿದ್ದಳು. ನಳದ ಹತ್ತಿರ ನಾಲ್ಕೈದು ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು. ಸೊಸೆಯ ಉಗುರಿನ ಕಥೆ ಕೇಳಿದ್ದವರು ಅವರೇ. ಒಳಗೆ ಬಾ ಅವ್ವ, ಚಾ ಇಡತೇನಿ ಎಂದಳು ಮಗಳು. ನಾನು ಅಂಗಳದಲ್ಲೇ ನಿಂತೆ. ನಳದವರೆಗೂ ಕೇಳುವಂತೆ ಹೇಳಿದೆ.

"ನನ್ನ ಸೊಸಿ ಕೈ ಹೊಲಸಿರಲಿಲ್ಲ. ನಾ ಸುಳ್ಳ ಹೇಳಿದ್ದೆ. ಹುಳಕ್ಕ ಸೋಲೂ ರಕ್ತ ನಂದು. ನನ್ನಿಂದ ನನ್ನ ಮಗನಿಗೆ ಹೋಗೈತಿ. ನಿನಗೂ ಬಂದಿರಬಹುದು, ನಿನ್ನ ಮಗನಿಗೂ. ನೀ ನೋಡಸಂಗಿಲ್ಲ ಅಂದಿ, ಮುಗೀತು. ಹುಡುಗೀನ ನಿನ್ನ ಮನಿಗೆ ಕೊಡಂಗಿಲ್ಲ. ಭಂಡಾರ ಹಚ್ಚಿದಾಕಿ ನಾನು, ಮಾತ ಮುರದಾಕಿನೂ ನಾನು. ಅದರ ಪಾಪ ಇದ್ರ ನನಗ ಬರಲಿ. ಆಕಿನ್ನ ಯಾರೂ ಏನೂ ಅನ್ನಬ್ಯಾಡ್ರಿ."

ಒಬ್ಬಳ ಕೊಡ ತುಂಬಿ ಹರಿಯುತ್ತಿತ್ತು. ಯಾರೂ ತೆಗೆಯಲಿಲ್ಲ. ಮಗಳು ಕಸಬರಿಗೆಯನ್ನು ಗೋಡೆಗೆ ಎಸೆದಳು.

"ನನ್ನ ಹೆಣ್ಣಮಕ್ಕಳ ಬಾಳಿಗೂ ಮಣ್ಣ ಹಾಕಿದಿ. ಇನ್ನ ಈ ಅಂಗಳಾ ತುಳೀಬ್ಯಾಡ."

"ಆತು," ಎಂದೆ.

ಆಟೊ ಹೋಗಿಬಿಟ್ಟಿತ್ತು. ಡಾಂಬರು ರಸ್ತೆಯವರೆಗೆ ನಡೆದೆ.